ತಿಪ್ಪೆ ನೋಡಿ ಹಿಡಿದ ಲಂಡನ್ ಮನೆ

ಮನೆ ನೋಡುವುದರಲ್ಲಿ ನನ್ನನ್ನು ಮೀರಿಸುವವರು ಕಾಗವಾಡ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಈ ಮಾತನ್ನು ಬೇರೆಯವರು ಹೇಳಲಿ ಎಂದು ಬಹಳ ವರ್ಷ ಕಾದೆ. ಯಾರೂ ಹೇಳದ್ದರಿಂದ ನಾನೇ ಹೇಳಬೇಕಾಯಿತು.

ಐನಾಪುರದ ಹಾಲಿನ ಡೇರಿಯಲ್ಲಿ ನನ್ನ ಕೆಲಸ ಹಾಲಿನ ಡಿಗ್ರಿ ನೋಡುವುದು. ಯಾವ ಎಮ್ಮೆ ಎಷ್ಟು ಹಾಲು ಕೊಟ್ಟಿತು, ಯಾವ ಬಾವಿ ಎಷ್ಟು ಹಾಲು ಕೊಟ್ಟಿತು ಎಂದು ಕ್ಯಾನಿನ ಮುಚ್ಚಳ ತೆಗೆಯುವಾಗಲೇ ಹೇಳಬಲ್ಲೆ. ಈ ಪ್ರತಿಭೆ ಡೇರಿಯಲ್ಲೇ ವ್ಯರ್ಥವಾಗಬಾರದೆಂದು ಊರಿನವರು ಅದನ್ನು ಮದುವೆ ವ್ಯವಹಾರಕ್ಕೂ ಬಳಸುತ್ತಿದ್ದರು. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ನಾಲ್ಕು ಜನ ಹಿರಿಯರು ಹೋಗಿ ವರನ ಮನೆ ನೋಡಿ ಬರುವ ಪದ್ಧತಿ ಇದೆ. ಉಳಿದ ಮೂವರು ಪಡಸಾಲೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಾ ಹುಡುಗನ ಪಗಾರ ಕೇಳುತ್ತಾರೆ. ನಾನು ಮಾತ್ರ ಕೈ ತೊಳೆಯುವ ನೆಪದಲ್ಲಿ ಎದ್ದು ಹಿತ್ತಲಿಗೆ ಹೋಗುತ್ತೇನೆ. ಅಲ್ಲಿ ತಿಪ್ಪೆ ನೋಡುತ್ತೇನೆ.

ತಿಪ್ಪೆ ದೊಡ್ಡದಿದ್ದರೆ ದನ ಹೆಚ್ಚು. ದನ ಹೆಚ್ಚಿದ್ದರೆ ಮೇವು ಹೆಚ್ಚು. ಮೇವು ಹೆಚ್ಚಿದ್ದರೆ ಹೊಲ ಹೆಚ್ಚು. ಹುಡುಗಿಗೆ ಉಣ್ಣಲಿಕ್ಕೆ ಕಡಿಮೆಯಿಲ್ಲ. ಗೋಡೆಗೆ ಬಣ್ಣ ಯಾರು ಬೇಕಾದರೂ ಹಚ್ಚಬಹುದು. ತಿಪ್ಪೆಯನ್ನು ಒಂದೇ ದಿನದಲ್ಲಿ ಬೆಳೆಸಲು ಯಾರಿಂದಲೂ ಆಗದು! ರಾಯಬಾಗದ ಒಂದು ಮನೆಯಲ್ಲಿ ಬೀಗರು ಬರುತ್ತಾರೆಂದು ನೆರೆಮನೆಯ ನಾಲ್ಕು ಎಮ್ಮೆ ತಂದು ಕಟ್ಟಿದ್ದರು. ತಿಪ್ಪೆ ನೋಡಿದರೆ ಅದು ಒಂದು ಮೇಕೆಯ ಯೋಗ್ಯತೆಗೂ ಸಾಲುವಂತಿರಲಿಲ್ಲ. ಸಂಬಂಧ ಅಲ್ಲಿಗೇ ನಿಂತಿತು. ಆಮೇಲೆ ಆ ಊರಿನ ಕಟಿಂಗ್ ಅಂಗಡಿಗೆ ಹೋಗಿ ದಾಡಿ ಮಾಡಿಸಿಕೊಳ್ಳುತ್ತಾ ವಿಚಾರಿಸಿದರೆ ಉಳಿದದ್ದೂ ತಿಳಿಯಿತು. ಬೆಳಿಗ್ಗೆ ಮನೆಯಲ್ಲಿ ದಾಡಿ ಮಾಡಿಕೊಂಡಿದ್ದರೂ ಪರವಾಗಿಲ್ಲ, ಪರವೂರಿನಲ್ಲಿ ಇನ್ನೊಮ್ಮೆ ಮಾಡಿಸಿಕೊಳ್ಳಬೇಕು. ಕಟಿಂಗ್ ಅಂಗಡಿಯವನಿಗೆ ಯಾರ ಮನೆಯಿಂದಲೂ ಲಾಭವಿಲ್ಲ, ಆದ್ದರಿಂದ ಸುಳ್ಳು ಹೇಳುವುದಿಲ್ಲ. ಇದು ನನ್ನ ಸಿದ್ಧಾಂತ.

ಇಂಥ ಸಿದ್ಧಾಂತವುಳ್ಳ ನನಗೆ ಲಂಡನ್ನಿನಲ್ಲಿ ಮನೆ ಹುಡುಕುವ ಯೋಗ ಬಂತು.

ಯೋಗ ನನ್ನದಲ್ಲ, ನನ್ನ ಹೆಂಡತಿ ಶೋಭಾಳದು. ಅವಳು ಚಿಕ್ಕೋಡಿಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಡ್ಯೂಟಿ ಮುಗಿಸಿ ಬಂದು, ರೊಟ್ಟಿ ಬಡಿದು, ಆಮೇಲೆ ಪುಸ್ತಕ ಹಿಡಿದು ಕೂರುತ್ತಿದ್ದಳು. ಯಾಕೆ ಓದುತ್ತಾಳೆಂದು ನಾನು ಕೇಳಿರಲಿಲ್ಲ. ಒಂದು ದಿನ ಲಂಡನ್ನಿನ ಆಸ್ಪತ್ರೆಯಿಂದ ನೌಕರಿಯ ಪತ್ರ ಬಂದಾಗ ಉತ್ತರ ಸಿಕ್ಕಿತು. ವೀಸಾ ಅವಳ ಹೆಸರಿಗೆ. ನನ್ನ ಕಾಗದದಲ್ಲಿ ನನ್ನ ಹೆಸರಿನ ಮುಂದೆ 'ಡಿಪೆಂಡೆಂಟ್' ಎಂದು ಬರೆದಿದ್ದರು. ಹೆಂಡತಿಯ ಏಳಿಗೆ ಕಂಡು ನನಗೆ ಸಂತೋಷವಾಗಬೇಕಿತ್ತು. ಆಯಿತು. ಆದರೆ ಸಂತೋಷದ ಜೊತೆಗೆ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ತಿಂದಂಥ ಒಂದು ಉರಿಯೂ ಆಯಿತು. ಸುಳ್ಳು ಹೇಳಿ ಏನು ಪ್ರಯೋಜನ? ಅದು ಹೊಟ್ಟೆಕಿಚ್ಚು.

ಅದು ಅವಳಿಗೆ ಗೊತ್ತಾಗಿರಬೇಕು. ಒಂದು ದಿನ ಚಹಾ ಕೊಡುತ್ತಾ ಹೇಳಿದಳು:

"ಪರೀಕ್ಷಾ ನಾ ಬರದೇನಿ, ವೀಸಾ ನಾ ಮಾಡಸೇನಿ, ಟಿಕೀಟ ನಾ ತಗಸೇನಿ. ಮನಿ ಒಂದ ನೀವ ನೋಡ್ರಿ. ಎಷ್ಟ ಮಂದೀಗಿ ಮನಿ ನೋಡಿ ಕೊಟ್ಟೀರಿ, ನಮಗೊಂದ ನೋಡಾಕ ಆಗೂದಿಲ್ಲೇನು?"

ಎದೆ ಉಬ್ಬಿತು. ಷರತ್ತು ಎರಡೇ. ಬಾಡಿಗೆ ಅವಳ ಪಗಾರಕ್ಕೆ ಹೊಂದಬೇಕು, ಆಸ್ಪತ್ರೆ ಹತ್ತಿರವಿರಬೇಕು. ಇಡೀ ವಲಸೆಯಲ್ಲಿ ನನ್ನ ಪಾಲಿಗೆ ಬಂದದ್ದು ಇದೊಂದೇ ಕೆಲಸ. ಇದನ್ನು ಗೆದ್ದರೆ ಲಂಡನ್ನಿನಲ್ಲಿ ನಾನು ಮನೆಯ ಯಜಮಾನ. ಸೋತರೆ ವೀಸಾದಲ್ಲಿ ಬರೆದದ್ದೇ ಹಣೆಯಲ್ಲೂ ಬರೆದಂತೆ.

ಇಲ್ಲಿ ನನ್ನ ಸಡ್ಡಕನ ವಿಷಯ ಹೇಳಬೇಕು. ಹೇಳುವ ಮನಸ್ಸಿಲ್ಲ. ಆದರೂ ಹೇಳಬೇಕು.

ಅಪ್ಪಾಸಾಹೇಬ ನನ್ನ ಹೆಂಡತಿಯ ತಂಗಿ ಸುನೀತಾಳ ಗಂಡ. ಸುನೀತಾಳೂ ನರ್ಸ್. ಅಪ್ಪಾಸಾಹೇಬ ನಿಪ್ಪಾಣಿಯಲ್ಲಿ ಕ್ರೂಸರ್ ಗಾಡಿಗೆ ಮಂದಿ ತುಂಬಿಸಿ ಓಡಿಸುತ್ತಿದ್ದ. ಒಂಬತ್ತು ವರ್ಷದ ಹಿಂದೆ ಇಬ್ಬರೂ ಲಂಡನ್ನಿಗೆ ಹೋದರು. ಈಗ ಅವನು ಅಲ್ಲಿ ಎರಡಂತಸ್ತಿನ ಕೆಂಪು ಬಸ್ಸು ಓಡಿಸುತ್ತಾನೆ. ಮದುವೆಯ ಲೆಕ್ಕದಲ್ಲಿ ನನಗಿಂತ ಕಿರಿಯ ಅಳಿಯ. ಆದರೆ ಬೇಡಕಿಹಾಳದ ಅತ್ತೆಯ ಮನೆಗೆ ಅವನು ರಜೆಗೆ ಬಂದರೆ ದಿಂಬಿನ ಕುರ್ಚಿ ಅವನಿಗೆ, ಪ್ಲಾಸ್ಟಿಕ್ ಕುರ್ಚಿ ನನಗೆ! ಹೋಳಿಗೆಯ ಮೇಲೆ ತುಪ್ಪ ಮೊದಲು ಅವನ ತಾಟಿಗೆ. ನನ್ನ ತಾಟಿಗೆ ಬರುವಷ್ಟರಲ್ಲಿ ಚಮಚದಲ್ಲಿ ತುಪ್ಪದ ನೆನಪು ಮಾತ್ರ ಉಳಿದಿರುತ್ತದೆ. ಅವನು ತನ್ನ ಲಂಡನ್ ಮನೆಯ ಮುಂದೆ ಗುಲಾಬಿ ಬಣ್ಣದ ಹೂ ಬಿಟ್ಟ ಮರದ ಕೆಳಗೆ ನಿಂತು ತೆಗೆಸಿಕೊಂಡ ಫೋಟೋವನ್ನು ಅತ್ತೆ ದೇವರ ಜಗುಲಿಯ ಪಕ್ಕ ತೂಗುಹಾಕಿದ್ದಾರೆ. ನನ್ನ ಮದುವೆಯ ಫೋಟೋ ಟಿ.ವಿ.ಯ ಹಿಂದಿದೆ. ಟಿ.ವಿ. ರಿಪೇರಿಗೆ ಹೋದಾಗ ಮಾತ್ರ ನನ್ನ ದರ್ಶನವಾಗುತ್ತದೆ.

ನಾವು ಬರುವ ಸುದ್ದಿ ತಿಳಿದದ್ದೇ ಅವನ ಫೋನ್ ಬಂತು.

"ಅಣ್ಣಾರ, ಅಭಿನಂದನ್ರಿ! ಮನೀ ಕಾಳಜಿ ಬಿಡ್ರಿ. ನಮ್ಮ ಬಾಜೂ ಮನಿ ಖಾಲಿ ಆಗಾಕತ್ತೈತಿ. ಅಕ್ಕಾರ ದವಾಖಾನಿಗೆ ಇಪ್ಪತ್ತ ಮಿನಿಟ್. ಮಾಲಕೀಣ ಒಬ್ಬಾಕಿ ಅಜ್ಜಿ, ನನ್ನ ಮಾತ ಕೇಳ್ತಾಳು. ಹಿಡದ ಬಿಡೂಣೇನ್ರಿ?"

"ಬ್ಯಾಡ್ರಿ," ಎಂದೆ, ಅವನ ಮಾತು ಮುಗಿಯುವ ಮುಂಚೆಯೇ. "ಮನಿ ನಾನ ನೋಡ್ತೇನಿ."

ಅವನ ಬಾಜೂ ಮನೆ! ದಿನಾ ಬೆಳಿಗ್ಗೆ ಬಾಗಿಲು ತೆಗೆದರೆ ಅವನ ಗುಲಾಬಿ ಮರ. ಅತ್ತೆ ಫೋನ್ ಮಾಡಿ "ಅಪ್ಪಾಸಾಹೇಬ್ರು ಕೊಡಸಿದ ಮನಿ ಹೆಂಗೈತ್ರಿ ಅಳ್ಯಾರ?" ಎಂದು ಕೇಳುವುದು. ಅದಕ್ಕಿಂತ ಕೃಷ್ಣಾ ಹೊಳೆಯ ದಂಡೆಯಲ್ಲಿ ಗುಡಿಸಲು ಹಾಕಿಕೊಂಡಿರುವುದು ಮೇಲು.

ಮೊಬೈಲಿನಲ್ಲಿ ಜಗತ್ತಿನ ಯಾವ ಊರಿನ ಓಣಿಯ ಚಿತ್ರವನ್ನಾದರೂ ತೋರಿಸುವ ನಕ್ಷೆ ಇದೆಯಷ್ಟೇ. ಬೆರಳು ಒತ್ತುತ್ತಾ ಹೋದರೆ ನಾವೇ ಆ ಓಣಿಯಲ್ಲಿ ನಡೆದಂತೆ. ಬೆಳಗಿನ ಹಾಲು ಮುಗಿದ ಮೇಲೆ ಡೇರಿಯ ಬೆಂಚಿನಲ್ಲಿ ಕೂತು ನಾನು ಹನ್ನೆರಡು ದಿನ ಲಂಡನ್ನಿನಲ್ಲಿ ಓಡಾಡಿದೆ. ಲಂಡನ್ನಿನವರೂ ಅಷ್ಟು ಓಡಾಡಿರಲಿಕ್ಕಿಲ್ಲ. ಮೊದಲು ಹೋದದ್ದು ಸಡ್ಡಕನ ಓಣಿಗೆ. ಮರ ಇತ್ತು, ಹೂ ಇತ್ತು. ಆದರೆ ಮನೆಯ ಮುಂದೆ? ಗೇಣುದ್ದದ ಒಂದೇ ಒಂದು ಕಸದ ಡಬ್ಬಿ! ಅದರ ಮುಚ್ಚಳವೂ ಪೂರ್ತಿ ಮುಚ್ಚಿತ್ತು. ಓಣಿಯ ತುಂಬ ಹಾಗೆಯೇ. ಇವರು ಉಂಡರೆ ತಾನೇ ಡಬ್ಬಿ ತುಂಬುವುದು! ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಾಯಿತು.

ಹನ್ನೆರಡನೆಯ ದಿನ ನನ್ನ ಓಣಿ ಸಿಕ್ಕಿತು. ಅದರ ಹೆಸರು ಹೇಳುವುದಿಲ್ಲ. ಅಲ್ಲಿಯವರಲ್ಲಿ ಯಾರಾದರೂ ಕನ್ನಡ ಓದುವವರಿದ್ದರೆ ಕಷ್ಟ.

ಆಹಾ, ಏನು ಓಣಿ! ಒಂದೊಂದು ಮನೆಯ ಮುಂದೆ ಎದೆಯೆತ್ತರದ ಐದೈದು, ಆರಾರು ಡಬ್ಬಿಗಳು. ಒಂದರ ಮುಚ್ಚಳವೂ ಮುಚ್ಚುತ್ತಿರಲಿಲ್ಲ. ಅವುಗಳ ಪಕ್ಕ ಕರಿ ಚೀಲಗಳ ರಾಶಿ. ಒಂದು ಮನೆಯವರು ಹಾಸಿಗೆ ಎಸೆದಿದ್ದರು. ಇನ್ನೊಬ್ಬರು ಸೋಫಾ ಎಸೆದಿದ್ದರು. ಮೂರನೆಯವರು ಫ್ರಿಜ್ಜನ್ನೇ ಎಸೆದಿದ್ದರು! ಎಸೆದ ಫ್ರಿಜ್ಜೇ ಇಷ್ಟು ದೊಡ್ಡದಿದ್ದರೆ ಒಳಗಿಟ್ಟುಕೊಂಡದ್ದು ಎಷ್ಟು ದೊಡ್ಡದಿರಬೇಕು? ಹಾಲು ಹಾಕಲು ಬಂದಿದ್ದ ಬೀರಪ್ಪಜ್ಜನಿಗೂ ಮೊಬೈಲ್ ತೋರಿಸಿದೆ. ಅಜ್ಜ ಕಣ್ಣು ಕಿರಿದು ಮಾಡಿ ನೋಡಿ, "ಭಾರೀ ಮನಿತಾನ ತಮ್ಮಾ, ಕಣ್ಣ ಮುಚ್ಚಿ ಹೆಣ್ಣ ಕೊಡಬಹುದು," ಎಂದ.

ಶೋಭಾ ಮಾತ್ರ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ರೀ, ಇದ ಕಸ ಅಲ್ಲೇನ್ರಿ?"

"ನಿನಗ ಕಸ ಕಾಣತೈತಿ, ನನಗ ಮನಿತಾನ ಕಾಣತೈತಿ. ಎಷ್ಟ ವರ್ಷದ ಅನುಭವ ನಂದು?"

"ದವಾಖಾನಿ ಎಷ್ಟ ದೂರ ಐತ್ರಿ?"

ನಕ್ಷೆಯ ಮೇಲೆ ಬೆರಳಿಟ್ಟು ಅಳೆದು ತೋರಿಸಿದೆ. ಸರಿಯಾಗಿ ಎರಡು ಬೆರಳು. ಅದೇ ಮೊಬೈಲಿನಲ್ಲಿ ಐನಾಪುರದಿಂದ ಕಾಗವಾಡವೂ ಎರಡು ಬೆರಳೇ. ಟಂಟಂ ರಿಕ್ಷಾ ಹತ್ತಿ ಕೂತು ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಾಗವಾಡ! ನಕ್ಷೆಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು ಎಂಬುದು ನನಗೆ ಗೊತ್ತಿತ್ತು. ಆದರೆ ಅದರೊಂದಿಗೆ ಬೆರಳನ್ನೂ ಹಿಗ್ಗಿಸಬೇಕೆಂದು ಗೊತ್ತಿರಲಿಲ್ಲ. ಶೋಭಾ ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಮುಚ್ಚಿಕೊಂಡಳು. ನನ್ನ ವಾದಕ್ಕೆ ಸೋತಳೆಂದು ತಿಳಿದೆ.

ತಿಪ್ಪೆ ಆಯಿತು. ಇನ್ನು ಕಟಿಂಗ್ ಅಂಗಡಿ. ನನ್ನ ದೈವ ದೊಡ್ಡದು. ಅದೇ ಓಣಿಯ ತುದಿಯಲ್ಲಿ ಒಂದು ಕಟಿಂಗ್ ಅಂಗಡಿ, ಅದರ ಬೋರ್ಡಿನಲ್ಲಿ ಫೋನ್ ನಂಬರು! ಹಚ್ಚಿದೆ. ಎತ್ತಿದವನು ಹಿಂದಿ ಬಲ್ಲ ಒಬ್ಬ ಹಿರಿಯ. ಅವನನ್ನು ಚಾಚಾ ಎಂದು ಕರೆದೆ. ನಾನು ಮಿರಜಿನ ಸಂತೆಯಲ್ಲಿ ಕಲಿತ ಹಿಂದಿಯಲ್ಲಿ ನಡೆದ ಆ ಐತಿಹಾಸಿಕ ಸಂಭಾಷಣೆಯ ಸಾರಾಂಶ ಹೀಗಿದೆ.

"ಓಣಿಯ ಜನ ಹೇಗೆ?"

"ಬಂಗಾರದಂಥವರು. ಎಲ್ಲರೂ ನನ್ನ ಹತ್ತಿರವೇ ಕಟಿಂಗ್ ಮಾಡಿಸುತ್ತಾರೆ."

"ನೀರು?"

"ಇಪ್ಪತ್ನಾಲ್ಕು ತಾಸು."

ನನ್ನ ಕಣ್ಣು ಒದ್ದೆಯಾದವು. ನಮ್ಮ ಓಣಿಯಲ್ಲಿ ನಳದ ನೀರು ಬಂದ ದಿನ ಹೆಂಗಸರು ನಳಕ್ಕೆ ಅರಿಶಿನ ಕುಂಕುಮ ಹಚ್ಚುವುದೊಂದು ಬಾಕಿ.

"ಜಗಳ ಗಿಗಳ?"

"ಪೊಲೀಸರು ದಿನಾ ಬಂದು ಹೋಗುತ್ತಾರೆ. ಜಗಳ ಎಲ್ಲಿಂದ ಆಗಬೇಕು?"

"ಮನೆ ಯಾವುದಾದರೂ ಖಾಲಿ ಇದೆಯೇ?"

"ನನ್ನ ಅಂಗಡಿಯ ಮೇಲೆಯೇ ಇದೆ. ನೀವು ಒಳ್ಳೆಯವರಂತೆ ಕಾಣುತ್ತೀರಿ, ನಿಮಗೇ ಕೊಡುತ್ತೇನೆ."

ಫೋನಿನಲ್ಲಿ ನಾನು ಅವನಿಗೆ ಹೇಗೆ ಕಂಡೆನೋ ಕಾಣೆ. ಬಾಡಿಗೆ ಕೇಳಿದೆ. ಹೇಳಿದ. ಇನ್ನೊಮ್ಮೆ ಕೇಳಿದೆ. ಅದನ್ನೇ ಹೇಳಿದ. ಸಡ್ಡಕ ಕೊಡುವ ಬಾಡಿಗೆಯ ಕಾಲುಭಾಗ! ಬೇರೆ ಯಾರಾದರೂ ಹಾರಿಸಿಕೊಂಡು ಹೋಗುವ ಮುಂಚೆ ಅಂದೇ ಅಡ್ವಾನ್ಸ್ ಕಳಿಸಿದೆ. ಯಾರಿಂದಲೂ ಲಾಭವಿಲ್ಲದ ಕಟಿಂಗ್ ಅಂಗಡಿಯವನೇ ಮನೆಯ ಮಾಲಕನೂ ಆದರೆ ನನ್ನ ಸಿದ್ಧಾಂತದ ಗತಿ ಏನು ಎಂಬ ಪ್ರಶ್ನೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಹೊಳೆಯಬೇಕಾದದ್ದು ನನಗೆ ಯಾವತ್ತೂ ಅಡ್ವಾನ್ಸ್ ಕೊಟ್ಟ ಮೇಲೆಯೇ ಹೊಳೆಯುವುದು.

ಆಮೇಲೆ ಸಡ್ಡಕನಿಗೆ ಫೋನ್ ಹಚ್ಚಿದೆ. ಈ ಕರೆಗಾಗಿ ನಾನು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡಿದ್ದೆ.

"ಮನಿ ಹಿಡದೇನ್ರಿ. ನಿಮ್ಮ ಬಾಡಗೀದು ಕಾಲಭಾಗ!"

ಅವನ ಹೊಟ್ಟೆ ಉರಿಯುತ್ತಿರುವ ಸದ್ದು ಏಳು ಸಮುದ್ರ ದಾಟಿ ನನಗೆ ಕೇಳಿಸಿತು.

"ಯಾವ ಓಣಿ ಅಣ್ಣಾರ?"

ಹೇಳಿದೆ.

"ಹಾಂ... ಚೊಲೊ ಆತ್ ಬಿಡ್ರಿ. ವಿಮಾನದಾಗ ಹುಷಾರಿಂದ ಬರ್ರಿ."

ಹೊರಡುವ ಮುಂಚೆ ಬೇಡಕಿಹಾಳಕ್ಕೆ ಹೋಗಿ ಅತ್ತೆಗೆ ವರದಿ ಒಪ್ಪಿಸಿದೆ. ಓಣಿಯ ಸಿರಿವಂತಿಕೆ, ಇಪ್ಪತ್ನಾಲ್ಕು ತಾಸಿನ ನೀರು, ಪೊಲೀಸ್ ಬಂದೋಬಸ್ತು. ಅತ್ತೆ ಗಲ್ಲಕ್ಕೆ ಕೈ ಹಚ್ಚಿಕೊಂಡು ಕೇಳಿದರು. ಅಂದು ತುಪ್ಪದ ಚಮಚ ಮೊದಲು ನನ್ನ ತಾಟಿಗೆ ಬಂತು. ಎರಡು ಸಲ ಬಂತು! ನಾನು ಬಯಸಿದ್ದು ಅಷ್ಟೇ.

ಲಂಡನ್ ವಿಮಾನ ನಿಲ್ದಾಣಕ್ಕೆ ಅಪ್ಪಾಸಾಹೇಬ ಕಾರು ತಂದಿದ್ದ. "ಮೊದಲ ನಮ್ಮ ಮನಿಗೆ ಬರ್ರಿ, ಊಟ ಮಾಡಿ ಹೋಗೀರಿ," ಎಂದ. ನಾನು ಒಪ್ಪಲಿಲ್ಲ. ಮೊದಲು ಅವನು ನನ್ನ ಮನೆ ನೋಡಬೇಕು. "ನಮ್ಮ ಮನಿಗೇ ನಡೀರಿ ಪಾವಣೇರ," ಎಂದು ನೆಂಟನಿಗೆ ಹೇಳಿದೆ. 'ನಮ್ಮ ಮನಿ' ಎನ್ನುವಾಗ ನಾಲಿಗೆಗೆ ಸಿಹಿ ತಾಗಿತು.

ಕಾರು ಹೋಯಿತು. ಹೋಯಿತು. ಇನ್ನೂ ಹೋಯಿತು. ಚಿಕ್ಕೋಡಿಯಿಂದ ಅಥಣಿಗೆ ಹೋಗಿ ಬರುವಷ್ಟು ಹೊತ್ತಾದ ಮೇಲೆ, ಓಣಿ ಬರುವ ಮುಂಚೆ ಓಣಿಯ ವಾಸನೆ ಬಂತು. ಅಪ್ಪಾಸಾಹೇಬ ಮಾತಿಲ್ಲದೆ ಗಾಜು ಏರಿಸಿದ. ಶೋಭಾ ದುಪಟ್ಟಾ ಮೂಗಿಗೆ ಹಿಡಿದಳು. ನಾನು ಮಾತ್ರ ಯಜಮಾನನ ಗತ್ತಿನಲ್ಲಿ ಉಸಿರು ಬಿಗಿಹಿಡಿದು ಕೂತೆ.

ಮೊಬೈಲಿನಲ್ಲಿ ವಾಸನೆ ಬರುವುದಿಲ್ಲ. ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ.

ಸಂಗತಿ ಇಷ್ಟು. ಓಣಿಯ ಹಿಂದೆಯೇ ದೊಡ್ಡದೊಂದು ಅಂಗಳ. ಸುತ್ತಲಿನ ಹತ್ತಾರು ಓಣಿಗಳ ಕಸವನ್ನು ಲಾರಿಗಳು ತಂದು ಸುರಿಯುವುದು ಅಲ್ಲಿ. ಅಲ್ಲಿ ಹಿಡಿಸದ ಚೀಲಗಳು ಓಣಿಗೆ ಬರುತ್ತಿದ್ದವು. ನಾನು ಕಂಡದ್ದು ಆ ಮನೆಗಳ ತಿಪ್ಪೆಯಲ್ಲ, ಅರ್ಧ ಲಂಡನ್ನಿನ ತಿಪ್ಪೆ! ಇನ್ನು ಒಂದೊಂದು ಮನೆಗೆ ಆರಾರು ಡಬ್ಬಿ ಯಾಕೆಂದರೆ ಒಂದೊಂದು ಮನೆಯೊಳಗೆ ಆರಾರು ಸಂಸಾರಗಳಿದ್ದವು. ಹಾಸಿಗೆ ಎಸೆದವರು ಸಿರಿವಂತಿಕೆಯಿಂದ ಎಸೆದಿರಲಿಲ್ಲ, ತಿಗಣೆಯಿಂದ ಎಸೆದಿದ್ದರು.

ಅಪ್ಪಾಸಾಹೇಬ ನಮ್ಮ ಸೂಟ್‌ಕೇಸು ಹೊತ್ತು ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದ. ಕೋಣೆಯನ್ನು ನೋಡಿದ. ನಗಲಿಲ್ಲ. ಅವನು ನಕ್ಕಿದ್ದರೆ ಎಷ್ಟು ಚೆನ್ನಾಗಿತ್ತು! ಜಗಳ ತೆಗೆಯಬಹುದಿತ್ತು. ನಗದೆ, "ಗಾಳಿ ಬೆಳಕ ಚೊಲೊ ಐತ್ರಿ ಅಣ್ಣಾರ," ಎಂದು ಹೇಳಿ ಮೆಟ್ಟಿಲಿಳಿದು ಹೋದ. ಅವನ ಆ ಒಳ್ಳೆಯತನವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಚಾಚಾ ಒಂದು ಮಾತೂ ಸುಳ್ಳು ಹೇಳಿರಲಿಲ್ಲ. ನೀರು ಇಪ್ಪತ್ನಾಲ್ಕು ತಾಸು ಬರುತ್ತಿತ್ತು. ನಳದಿಂದಲೂ ಬರುತ್ತಿತ್ತು, ಛಾವಣಿಯಿಂದಲೂ ಬರುತ್ತಿತ್ತು. ಪೊಲೀಸರೂ ದಿನಾ ಬರುತ್ತಿದ್ದರು. ಮೊದಲ ದಿನ ಎದುರು ಮನೆಗೆ, ಎರಡನೆಯ ದಿನ ಪಕ್ಕದ ಮನೆಗೆ. ಮೂರನೆಯ ದಿನ ನಮ್ಮ ಬಾಗಿಲಿಗೇ ಬಂದು, ನಮಗಿಂತ ಮುಂಚೆ ಇದ್ದವನು ಎಲ್ಲಿಗೆ ಹೋದನೆಂದು ವಿಚಾರಿಸಿದರು. ನಾನು ಐನಾಪುರದವನು, ಹಾಲಿನ ಡಿಗ್ರಿ ನೋಡುವವನು ಎಂದು ವಿವರಿಸಿದೆ. ಅವರು ಅದನ್ನೂ ಬರೆದುಕೊಂಡರು.

ಆ ಎರಡು ಬೆರಳಿನ ದೂರ ದಾಟಲು ಶೋಭಾ ಒಂದು ಬಸ್ಸು, ಎರಡು ರೈಲು ಹಿಡಿಯಬೇಕಿತ್ತು. ಹೋಗುವುದಕ್ಕೆ ಎರಡು ತಾಸು, ಬರುವುದಕ್ಕೆ ಎರಡು ತಾಸು. ಸಂಜೆ ಬಂದವಳು ಚಪ್ಪಲಿ ಬಿಡುವಾಗ ಪಾದ ಊದಿಕೊಂಡಿರುತ್ತಿದ್ದವು. ನಾನು ಬಿಸಿ ನೀರಿಗೆ ಉಪ್ಪು ಹಾಕಿ ಅವಳ ಮುಂದಿಡುತ್ತಿದ್ದೆ. ಅವಳು ಕಾಲು ಇಳಿಬಿಟ್ಟು, "ಮನಿ ಚೊಲೊ ಐತ್ರಿ," ಎನ್ನುತ್ತಿದ್ದಳು. ಆ ಮಾತು ಬೈಗುಳಕ್ಕಿಂತ ಕಡೆಯಾಗಿತ್ತು. ನನಗೆ ನಾಚಿಕೆಯಾಗುತ್ತಿತ್ತು. ನಾಚಿಕೆಯಾದರೂ 'ತಪ್ಪಾಯಿತು, ಬಿಡೋಣ' ಎನ್ನಲು ಬಾಯಿ ಬರುತ್ತಿರಲಿಲ್ಲ. ಬಿಟ್ಟರೆ ಎಲ್ಲಿಗೆ ಹೋಗುವುದು? ಅವನ ಹತ್ತಿರವೇ ಹೋಗಿ ಕೈ ಒಡ್ಡಬೇಕು.

ಎಂಟನೆಯ ದಿನ ಚಾಚಾ ನಗುನಗುತ್ತಾ ಬಂದು ಬಾಡಿಗೆ ಕೇಳಿದ.

"ತಿಂಗಳು ಎಲ್ಲಿ ಮುಗಿಯಿತು?" ಎಂದೆ.

"ವಾರ ಮುಗಿಯಿತಲ್ಲ!" ಎಂದ.

ಆ ಊರಲ್ಲಿ ಬಾಡಿಗೆಯನ್ನು ವಾರದ ಲೆಕ್ಕದಲ್ಲಿ ಹೇಳುತ್ತಾರಂತೆ. ಅವನು ಹೇಳಿದ್ದು ವಾರದ್ದು, ನಾನು ತಿಳಿದದ್ದು ತಿಂಗಳದ್ದು. ಅಂದರೆ ನಾನು ಗುಲಾಬಿ ಮರದ ಓಣಿಯ ಬಾಡಿಗೆ ಕೊಟ್ಟು ತಿಪ್ಪೆಯ ಮೇಲೆ ವಾಸವಾಗಿದ್ದೆ! ಇದನ್ನು ಶೋಭಾಳಿಗೆ ಹೇಳಲು ನಾನು ಅರ್ಧ ತಾಸು ಪೀಠಿಕೆ ಹಾಕಿದೆ. ಅವಳು, "ಹೌದ್ರಿ, ಇಲ್ಲೆ ಹಂಗ ಐತಿ," ಎಂದು ಹೇಳಿ ಪರ್ಸು ತೆಗೆದಳು. ಅವಳಿಗೆ ಮೊದಲೇ ಗೊತ್ತಿತ್ತೇನೋ ಎಂಬ ಸಂಶಯ ನನಗೆ ಬರಬೇಕಿತ್ತು. ಬರಲಿಲ್ಲ.

ಮೂರನೆಯ ವಾರ ಭಾನುವಾರ ಸುನೀತಾ ಊಟಕ್ಕೆ ಕರೆದಳು. ತಪ್ಪಿಸಿಕೊಳ್ಳಲು ಹೊಟ್ಟೆನೋವು ಎಂದೆ. ನರ್ಸುಗಳ ಮುಂದೆ ಹೊಟ್ಟೆನೋವು ನಡೆಯುವುದಿಲ್ಲ. ಹೋದೆವು.

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಹತ್ತಿರ ಹೋದ ಮೇಲಾದರೂ ಆ ಬೆಟ್ಟ ಸ್ವಲ್ಪ ಒರಟಾಗಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಇಲ್ಲ! ಇನ್ನೂ ನುಣ್ಣಗಿತ್ತು. ಗುಲಾಬಿ ಮರ ಫೋಟೋದಲ್ಲಿ ಇದ್ದದ್ದಕ್ಕಿಂತ ದೊಡ್ಡದಾಗಿತ್ತು. ಹಿತ್ತಲಲ್ಲಿ ಮೆಂತ್ಯ, ಕೊತ್ತಂಬರಿಯ ಮಡಿ. ಅಡುಗೆಮನೆಗೆ ಬಿಸಿಲು ಬೀಳುತ್ತಿತ್ತು. ಕಿಟಕಿಗಳಿಗೆ ಹಳದಿ ಪರದೆ. ಓಣಿಯಲ್ಲಿ ಹಕ್ಕಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸುನೀತಾ ಬಡಿಸಿದ ಜುಣಕ ರೊಟ್ಟಿಯೂ ರುಚಿಯಾಗಿತ್ತು. ಅದರಲ್ಲಾದರೂ ಉಪ್ಪು ಹೆಚ್ಚಾಗಬಾರದಿತ್ತೇ? ಎರಡು ರೊಟ್ಟಿ ತಿಂದೆ, ಹತ್ತು ರೊಟ್ಟಿಯಷ್ಟು ಹೊಟ್ಟೆ ಉರಿಯಿತು.

ಉಂಡ ಮೇಲೆ ಅಪ್ಪಾಸಾಹೇಬನ ಜೊತೆ ಅಂಗಳದಲ್ಲಿ ನಿಂತೆ. ಬಾಜೂ ಮನೆಯ ಬಾಗಿಲಿಗೆ ಬೀಗ. ಅದರ ಮುಂದೆಯೂ ಒಂದು ಗುಲಾಬಿ ಮರ, ಮೊಗ್ಗು ಬಿಟ್ಟು ನಿಂತಿತ್ತು.

"ಇದs ಏನು ನೀವ ಹೇಳಿದ ಮನಿ?" ಎಂದೆ, ಬೇಡವೆಂದರೂ ಬಾಯಿ ತಡೆಯದೆ.

"ಹೌದ್ರಿ."

"ಇನ್ನೂ ಖಾಲಿ ಐತೇನ?"

ಅವನು ಮರದ ಕಡೆ ನೋಡುತ್ತಾ, "ಇಲ್ರಿ ಅಣ್ಣಾರ. ಯಾರೋ ಹಿಡದಾರ. ಇನ್ನಾ ಇರಾಕ ಬಂದಿಲ್ಲ," ಎಂದ.

ಯಾರೋ ಪುಣ್ಯವಂತ! ಹಿಡಿದೂ ಬಂದಿಲ್ಲ. ಎರಡೆರಡು ಮನೆ ಇಟ್ಟುಕೊಳ್ಳುವಷ್ಟು ಕೊಬ್ಬು. ನನ್ನ ಹೆಂಡತಿ ದಿನಾ ನಾಲ್ಕು ತಾಸು ರೈಲಿನಲ್ಲಿ ಜೋತಾಡುತ್ತಿರುವಾಗ ಇಂಥ ಮನೆಗೆ ಬೀಗ ಹಾಕಿಟ್ಟ ಅವನ ಕಾಲಿಗೆ ಮುಳ್ಳು ಚುಚ್ಚಲಿ ಎಂದು ಶಪಿಸಿದೆ. ಅಂದಿನಿಂದ ಒಂದು ವಾರ ಸಡ್ಡಕನ ಮೇಲಿನ ಹೊಟ್ಟೆಕಿಚ್ಚೂ ಕಡಿಮೆಯಾಯಿತು, ಅದೆಲ್ಲ ಈ ಅಪರಿಚಿತ ಪುಣ್ಯವಂತನ ಕಡೆ ತಿರುಗಿತು. ಎದ್ದರೆ ಅವನದೇ ಧ್ಯಾನ. ಶೋಭಾಳ ಮುಂದೆಯೂ ಅವನಿಗೆ ಬೈದೆ. "ಎಂಥಾ ಅಡ್ನಾಡಿ ಇರಬೇಕ ಅಂವಾ! ಬುದ್ಧಿ ಐತೇನ ಅವಂಗ?" ಅವಳು ಕಾಲು ನೀರಿನಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಳು. ಅವಳ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ತಿಳಿದೆ.

ಆ ಅಲುಗುವ ಹೆಗಲು ನೋಡಿಯೇ ನಾನು ಸೋತೆ. ಮರುದಿನ ಅವಳು ರೈಲಿನಲ್ಲಿ ನಿಂತಲ್ಲೇ ತೂಕಡಿಸಿ ಬಿದ್ದು ಮೊಣಕಾಲು ತರಚಿಕೊಂಡು ಬಂದಾಗ ಬಾಯಿ ತಾನಾಗಿಯೇ ತೆರೆಯಿತು.

"ಶೋಭಾ, ನಂದ ತಪ್ಪಾತು. ನನಗ ಮನಿ ನೋಡಾಕ ಬರೂದಿಲ್ಲ. ನಾಳೆ ಅಪ್ಪಾಸಾಹೇಬಗ ಫೋನ್ ಹಚ್ಚತೇನಿ. ಅವರ ಮನಿ ಪಡಸಾಲ್ಯಾಗರ ಇರೂಣು. ನೀ ಹಿಂಗ ಬೀಳೂದು ನನಗ ನೋಡಾಕ ಆಗೂದಿಲ್ಲ."

ಅವಳು ನನ್ನನ್ನೇ ನೋಡಿದಳು. ಮೊಣಕಾಲಿಗೆ ಮುಲಾಮು ಹಚ್ಚುವುದನ್ನು ನಿಲ್ಲಿಸಿ, ಪರ್ಸಿನ ಒಳಗಿನ ಜಿಪ್ಪು ಎಳೆದು ಒಂದು ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಏನಿದು?"

"ನೀವ ಒಂದ ವಾರದಿಂದ ಬೈಯಾಕತ್ತೀರಲ್ಲ, ಆ ಅಡ್ನಾಡೀ ಮನೀ ಕೀಲಿ."

ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ಐನಾಪುರದಲ್ಲಿ ಬೆರಳಿಟ್ಟು ದೂರ ಅಳೆದ ದಿನವೇ ಅವಳು ಅಪ್ಪಾಸಾಹೇಬನಿಗೆ ಫೋನ್ ಮಾಡಿ ಬಾಜೂ ಮನೆಯನ್ನು ಹಿಡಿದಿಡಲು ಹೇಳಿದ್ದಳು. ಅವನು ಮಾಲಕಿ ಅಜ್ಜಿಗೆ ಕೈ ಮುಗಿದು ತಡೆದಿಟ್ಟಿದ್ದ. ಸುನೀತಾಳಿಗೆ ಗೊತ್ತಿತ್ತು. ಬೇಡಕಿಹಾಳದ ಅತ್ತೆಗೂ ಗೊತ್ತಿತ್ತು! ಅಂದರೆ ಆ ಎರಡು ಚಮಚ ತುಪ್ಪ ಅಭಿಮಾನದ್ದಲ್ಲ, ಕನಿಕರದ್ದು. ಒಂದು ವಾರದಿಂದ ನಾನು ಹೊಟ್ಟೆಕಿಚ್ಚು ಪಟ್ಟದ್ದು ಬೇರೆ ಯಾರ ಮೇಲೂ ಅಲ್ಲ, ನನ್ನ ಮೇಲೆಯೇ. ಕಾಲಿಗೆ ಮುಳ್ಳು ಚುಚ್ಚಲೆಂದು ಶಪಿಸಿದ್ದೂ ನನ್ನ ಕಾಲಿಗೇ.

"ಮತ್ತ ಮೊದಲs ಯಾಕ ಹೇಳಲಿಲ್ಲ? ಇಷ್ಟ ದಿನಾ ಕಾಲ ಯಾಕ ಬಾಸಕೊಂಡಿ?"

"ಹೇಳಿದ್ರ ಕೇಳ್ತಿದ್ರೇನು? ನಾ ನೋಡಿದ ಮನಿ ಬಿಡಸಿದ್ಲು ಅಂತ ಸಾಯೂತನಕ ಅಂತಿದ್ರಿ. ನಾಕ ವಾರದಾಗ ಮುಗೀತು. ನನಗ ಸೋವಿ ಆತು."

ಕೊನೆಗೂ ಆ ಊರಲ್ಲಿ ಏನೋ ಒಂದು ಅಗ್ಗವಾಗಿ ಸಿಕ್ಕಿತ್ತು. ಅದು ನಾನು.

ಭಾನುವಾರ ಸಾಮಾನು ಸಾಗಿಸಿದೆವು. ಅಪ್ಪಾಸಾಹೇಬನೇ ಬಂದು ಹೊತ್ತ. ಕೊನೆಯ ಪೆಟ್ಟಿಗೆ ಇಳಿಸಿ ಇಬ್ಬರೂ ಹೊಸ್ತಿಲ ಮೇಲೆ ಕೂತೆವು. ಈಗ ಮುಚ್ಚಿಡಲು ನನ್ನಲ್ಲಿ ಮರ್ಯಾದೆ ಎಂಬುದೇನೂ ಉಳಿದಿರಲಿಲ್ಲವಾದ್ದರಿಂದ ಒಂಬತ್ತು ವರ್ಷದಿಂದ ಒಳಗಿದ್ದದ್ದನ್ನು ಹೇಳಿಬಿಟ್ಟೆ.

"ಪಾವಣೇರ, ನಿಮ್ಮನ್ನ ನೋಡಿ ನನಗ ಭಾಳ ಹೊಟ್ಟೆಕಿಚ್ಚರಿ. ನಿಪ್ಪಾಣಿಯಿಂದ ಬಂದ ಇಂಥಾ ಓಣಿ ಹೆಂಗ ಹುಡಕಿದ್ರಿ ನೀವು?"

ಅವನು ಒಳಗೆ ಇಣುಕಿ, ಹೆಂಗಸರಿಬ್ಬರೂ ಅಡುಗೆಮನೆಯಲ್ಲಿದ್ದಾರೆಂದು ಖಾತ್ರಿ ಮಾಡಿಕೊಂಡ. ಆಮೇಲೆ ದನಿ ತಗ್ಗಿಸಿದ.

"ನಾ ಎಲ್ಲಿ ಹುಡಕಲಿ ಅಣ್ಣಾರ? ನಾ ಹುಡಕಿದ ಮನ್ಯಾಗ ಆರ ದಿನಾನೂ ಇರಲಿಲ್ಲ ನಾವು. ಕೆಳಗ ರೈಲ ಹೋಗತಿತ್ತು, ಮ್ಯಾಲ ತಾಟ ಲೋಟ ಕುಣೀತಿದ್ದು. ಈ ಓಣಿ ಆರಿಸಿದಾಕಿ ಸುನೀತಾ. ಬಾಡಗಿ ಮಾತಾಡಿದಾಕೀನೂ ಆಕಿನ. ನನ್ನ ವೀಸಾದಾಗೂ ಡಿಪೆಂಡೆಂಟ್ ಅಂತನs ಬರದಿದ್ರಲ್ರಿ!"

ಒಂಬತ್ತು ವರ್ಷ! ಒಂಬತ್ತು ವರ್ಷ ನಾನು ತಪ್ಪು ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ. ಎಷ್ಟು ಉರಿ ವ್ಯರ್ಥವಾಗಿ ಹೋಯಿತು! ಮೊಟ್ಟಮೊದಲ ಸಲ ಅವನು ನನಗೆ ತಮ್ಮನಂತೆ ಕಂಡ. ಅವನ ಹೆಗಲ ಮೇಲೆ ಕೈ ಹಾಕಿದೆ. ಇಬ್ಬರೂ ಒಂದೇ ದೋಣಿಯವರು ಎಂಬ ಸಮಾಧಾನದಿಂದ ಗುಲಾಬಿ ಮರವನ್ನು ನೋಡಿದೆ. ಅದೂ ಅಷ್ಟೇನೂ ಕೆಟ್ಟದಾಗಿ ಕಾಣಲಿಲ್ಲ.

"ಹಂಗಾರ ನಿಮ್ಮ ಮನ್ಯಾಗ ನೀವ ಆರಿಸಿದ್ದು ಏನೂ ಇಲ್ಲೇನ್ರಿ?" ಎಂದು ಪ್ರೀತಿಯಿಂದ ಕೇಳಿದೆ.

ಅವನು ನಾಚಿಕೊಂಡ. "ಕಿಡಕೀ ಪಡದೆ ಹಳದೀವು ಅದಾವಲ್ರಿ, ಅವನ್ನ ನಾನ ಆರಿಸೇನ್ರಿ. ಆಕಿ ಬ್ಯಾಡ ಅನ್ನಲಿಲ್ಲ."

ನಾನು ಅವನ ಹೆಗಲ ಮೇಲಿನ ಕೈ ತೆಗೆದೆ. ಎದ್ದು ಒಳಗೆ ಹೋದೆ. ಶೋಭಾ ನಮ್ಮ ಕಿಟಕಿಗಳಿಗೆ ಪರದೆ ತೂಗುಹಾಕಿ ಮುಗಿಸಿದ್ದಳು. ಬಣ್ಣ ನೀಲಿ. ನನ್ನನ್ನು ಯಾರೂ ಕೇಳಿರಲಿಲ್ಲ.